ಅಜ್ಜಿ ಹಿರಿಯೂರಿನ ಟಾಕೀಸಿನಲ್ಲಿ ನೋಡಿದ ನನ್ನ ಮೊದಲ ಸಿನಿಮಾ

ಟಾಕೀಸಿನ ಬಾಗಿಲಲ್ಲೇ ಅಜ್ಜಿ ಚಪ್ಪಲಿ ಬಿಟ್ಟಳು.

"ಹಾಕ್ಕಳಜ್ಜಿ, ಇದು ಗುಡಿ ಅಲ್ಲ" ಅಂದೆ.

"ನಿಮ್ಮಜ್ಜ ಒಳಗವ್ನೆ ಅಂದ್ಯಲ್ಲ" ಅಂದವಳೇ ಬರಿಗಾಲಲ್ಲಿ ಒಳಗೆ ನಡೆದಳು.

ಎಪ್ಪತ್ತರ ದಶಕದ ಮಾತು ಇದು. ನಾನಾಗ ಪುಣೆಯಲ್ಲಿ ಸಿನಿಮಾ ಎಡಿಟಿಂಗ್ ಕಲಿಯುತ್ತಿದ್ದೆ. ಫಿಲಂ ಕತ್ತರಿಸಿ ಅಂಟಿಸೋದು ಅಂತ ವಿವರಿಸಿದರೆ, "ಟೈಲರಿಂಗ್ ಇಲ್ಲೇ ಕಲೀಬೋದಿತ್ತಲ್ಲ" ಅಂತ ಬಂಧುಗಳು ನಗುತ್ತಿದ್ದರು.

ಎರಡನೇ ವರ್ಷದಲ್ಲಿ ಇಬ್ಬರು ಸಹಪಾಠಿಗಳನ್ನು ಕಟ್ಟಿಕೊಂಡು ನಮ್ಮೂರು ಯಲ್ಲದಕೆರೆಗೆ ಬಂದೆ. ಅಜ್ಜ ಕಂಬಳಿ ನೇಯುವುದರ ಮೇಲೆ ಒಂದು ಚಿಕ್ಕ ಚಿತ್ರ ತೆಗೆದೆವು.

ಕ್ಯಾಮೆರಾ ಕಂಡರೆ ಅಜ್ಜಿ ಒಳಗೆ ಸರಿದುಬಿಡುತ್ತಿದ್ದಳು. ಅಜ್ಜ ಮಾತ್ರ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು, ನಾವ್ಯಾರೂ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನೇಯುತ್ತಾ ಕೂತ.

ದೆಹಲಿಯಲ್ಲಿ ನಡೆದ ವಿದ್ಯಾರ್ಥಿಗಳ ಚಿತ್ರೋತ್ಸವದಲ್ಲಿ ಅದಕ್ಕೇ ಮೊದಲ ಬಹುಮಾನ ಬಂತು.

ಅಜ್ಜನಿಗೆ ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಅಜ್ಜ ಇರಲಿಲ್ಲ. ಚಳಿಗಾಲದ ಒಂದು ಜ್ವರಕ್ಕೆ ಹೋಗಿಬಿಟ್ಟಿದ್ದ.

ಅಪ್ಪ ನನಗೆ ಹೊಸದುರ್ಗದಲ್ಲಿ ಗಂಡು ನೋಡಿಟ್ಟಿದ್ದರು. "ಬಹುಮಾನ ಬಂತಲ್ಲವ್ವ, ಇನ್ನ ಸಾಕು ಮಾಡು" ಅಂದರು. ನನ್ನ ಓದು ಇನ್ನೂ ಒಂದು ವರ್ಷ ಬಾಕಿ ಇತ್ತು.

ಅಜ್ಜ ಹೋದ ಮೇಲೆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಮೊದ್ಲು ಅದೇನ್ ಮಾಡಿದ್ದೀಯೋ ತೋರ್ಸು" ಅಂದಳು.

ಮೇಷ್ಟ್ರನ್ನು ಬೇಡಿಕೊಂಡು ಪುಣೆಯಿಂದ ಚಿತ್ರದ ಪ್ರಿಂಟ್ ತಂದೆ. ಹಿರಿಯೂರಿನ ಟಾಕೀಸಿನವರು ಮ್ಯಾಟ್ನಿ ಶುರುವಾಗುವ ಮುಂಚೆ ಹಾಕಿಕೊಡಲು ಒಪ್ಪಿದರು.

ದೀಪ ಆರಿತು. ಪರದೆ ತುಂಬಾ ಅಜ್ಜ.

ಅಜ್ಜಿ ಮಿಸುಕಲಿಲ್ಲ. ಮಗ್ಗದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಷ್ಟರಲ್ಲಿ ಅಜ್ಜ ಕೈ ನಿಲ್ಲಿಸಿ, ಒಳಮನೆ ಕಡೆ ತಲೆ ಎತ್ತಿ ಕೂಗುತ್ತಾನೆ.

"ಲೇ ಇವಳೇ, ಒಂದೀಟು ನೀರ್ ತಗಂಬಾರೆ!"

ನನ್ನ ಪಕ್ಕದಲ್ಲಿ ಅಜ್ಜಿ ದಡಕ್ಕನೆ ಎದ್ದು ನಿಂತಳು.

"ಬಂದೆ, ತಡಿ!"

ಎದ್ದವಳು ಹಾಗೇ ನಿಂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡಳು. ಆ ಕಡೆ ಕೂತಿದ್ದ ಅಪ್ಪ ಅವಳ ಕೈ ಹಿಡಿದು ಮೆಲ್ಲಗೆ ಕೂರಿಸಿದರು.

ಆ ಕೂಗನ್ನು ತೆಗೆದುಹಾಕು, ಲಯ ಕೆಡುತ್ತೆ ಅಂತ ಪುಣೆಯಲ್ಲಿ ಮೇಷ್ಟ್ರು ಹೇಳಿದ್ದರು. ತೆಗೆದು ನೋಡಿದ್ದೆ. ಚಿತ್ರದೊಳಗಿನ ಮನೆ ಬಿಕೋ ಅಂದಿತು. ಮತ್ತೆ ಅಂಟಿಸಿಬಿಟ್ಟಿದ್ದೆ.

ಚಿತ್ರ ಮುಗಿದು ದೀಪ ಹತ್ತಿತು. ಅಜ್ಜಿ ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದ್ ಕಿತ ಕೂಗಿಸ್ತೀಯೇನವ್ವ?"

ಮೇಲಿದ್ದ ಆಪರೇಟರಿಗೆ ಹೇಳಿದೆ. ಪುಣ್ಯಾತ್ಮ, ರೀಲು ಸುತ್ತಿ ಮತ್ತೆ ಹಾಕಿದ.

ಈ ಸಲ ಅಜ್ಜಿ ಏಳಲಿಲ್ಲ. ಅಜ್ಜ ಕೂಗಿದಾಗ ತನ್ನಷ್ಟಕ್ಕೆ ತಾನು "ಹ್ಞೂಂ" ಅಂದಳು. ಅವಳ ಮುಖದಲ್ಲಿ ಅಷ್ಟು ನಾಚಿಕೆಯ ನಗುವನ್ನು ನಾನು ಅದಕ್ಕೆ ಮುಂಚೆ ನೋಡೇ ಇರಲಿಲ್ಲ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅಪ್ಪ ಏನೋ ಹೇಳೋಕೆ ಹೊರಟರು. ಅಜ್ಜಿ ಬಿಡಲಿಲ್ಲ.

"ಆ ಗಂಡಿನ ಮನೆಯವ್ರಿಗೆ ಹೇಳಪ್ಪ, ಹುಡುಗಿ ಇನ್ನೂ ಓದ್ತಾಳೆ ಅಂತ. ಕಾಯಂಗಿದ್ರೆ ಕಾಯ್ಲಿ."

ಅವರು ಕಾಯಲಿಲ್ಲ. ನಾನು ಕೋರ್ಸ್ ಮುಗಿಸಿದೆ. ಆಮೇಲೆ ಜೀವನಪೂರ್ತಿ ಇದೇ ಕೆಲಸ ಮಾಡಿದೆ, ಕೂದಲು ಬೆಳ್ಳಗಾಗುವವರೆಗೂ.

ನಿಮ್ಮ ಮನೆಯಲ್ಲಿ ನಿಮ್ಮ ಪರವಾಗಿ ಮೊದಲು ಮಾತಾಡಿದವರು ಯಾರು?