ಡೆಕ್ಕಿನ ಮೇಲೆ ಜರ್ಮನ್, ಕೋಣೆಯಲ್ಲಿ ಕನ್ನಡ

ಬೆಳಿಗ್ಗೆ ನೆಕಾರ್ ನದಿಯಲ್ಲಿ ಪ್ರವಾಸಿಗರ ದೋಣಿಯೊಂದು ಕೂಗು ಹಾಕಿತು. ಹೈಡೆಲ್‌ಬರ್ಗಿನಲ್ಲಿ ಅದೇನೂ ವಿಶೇಷವಲ್ಲ. ಆದರೂ ನನಗೆ ಮೇಲಿನ ಮಹಡಿಯ ಕ್ಲಾರಮ್ಮ ನೆನಪಾದರು.

ಇಪ್ಪತ್ತೈದು ವರ್ಷದ ಹಿಂದಿನ ಮಾತು, ನಾವು ಈ ಊರಿಗೆ ಬಂದ ಹೊಸತು. ಒಂದು ದಿನ ಬಾಗಿಲು ತಟ್ಟಿದ ಬಿಳಿಗೂದಲ ಜರ್ಮನ್ ಅಜ್ಜಿಯನ್ನು ಕಂಡು, ಒಗ್ಗರಣೆ ವಾಸನೆಯ ದೂರೇ ಇರಬೇಕೆಂದು ಕ್ಷಮಾಪಣೆಯನ್ನು ವ್ಯಾಕರಣಸಮೇತ ಜೋಡಿಸತೊಡಗಿದೆ. ಅವರು ಮೂಗರಳಿಸಿ, "ಎಂತ ಸಾರು ಮಾರಾಯ್ತಿ? ಹುರುಳಿಯದ್ದಾ?" ಎಂದರು. ನನ್ನ ಜರ್ಮನ್ ಅಲ್ಲಿಗೇ ಮುಗಿಯಿತು ನೋಡಿ.

ಅವರು ಹುಟ್ಟಿದ್ದು ಮಂಗಳೂರಿನಲ್ಲಿ. ಅಪ್ಪ ಹೆಂಚಿನ ಕಾರ್ಖಾನೆಯ ಮೇಲ್ವಿಚಾರಕ. ಕ್ಲಾರಾಗೆ ಎಂಟು ವರ್ಷವಿದ್ದಾಗ ಮನೆಮಂದಿಯೆಲ್ಲ ಮುಂಬಯಿಯಲ್ಲಿ ಹಡಗು ಹತ್ತಿದರು. "ನಮ್ಮ ದೇಶಕ್ಕೆ ಹೊರಟಿದ್ದೇವೆ, ಇನ್ನು ಕನ್ನಡ ಕೂಡದು" ಎಂದು ಅಪ್ಪನ ಕಟ್ಟಪ್ಪಣೆ. ಕಂಡೇ ಇರದ ಊರು ತನ್ನದು ಹೇಗಾಯಿತೆಂದು ಹುಡುಗಿಗೆ ತಿಳಿಯಲಿಲ್ಲ. ನಾಲ್ಕು ವರ್ಷದ ತಮ್ಮ ಓಟೊನಿಗಂತೂ ಆಯಾ ಕಲಿಸಿದ ಕನ್ನಡ ಬಿಟ್ಟರೆ ಬಾಯೇ ಇಲ್ಲ.

ಕೆಂಪು ಸಮುದ್ರದಲ್ಲಿ ಓಟೊನಿಗೆ ಜ್ವರ ಬಂತು. ಔಷಧಿ, ನೀರು ಯಾವುದನ್ನೂ ಮುಟ್ಟಲಿಲ್ಲ. ಅಮ್ಮ ಜರ್ಮನ್‌ನಲ್ಲಿ ಎಷ್ಟು ಬೇಡಿಕೊಂಡರೂ ಗೋಡೆಯ ಕಡೆಗೇ ಮುಖ. ಕನ್ನಡದಲ್ಲಿ ಕರೆಯಲು ಕ್ಲಾರಾಗೆ ಅಪ್ಪನ ಅಪ್ಪಣೆಯ ಹೆದರಿಕೆ. ಎರಡನೆಯ ದಿನ ತುಟಿ ಬಿರಿಯಿತು. ಹಡಗಿನ ಡಾಕ್ಟರೂ ಕೈಚೆಲ್ಲಿದರು. ಕೊನೆಗೆ ಅಪ್ಪ ಮಂಚದ ಪಕ್ಕ ಮೊಣಕಾಲೂರಿದರು. ಪಾಪ, ಅವರಿಗೆ ಮುದ್ದಿನ ಕನ್ನಡ ಎಲ್ಲಿಂದ ಬರಬೇಕು? ಬರುತ್ತಿದ್ದದ್ದು ಕಾರ್ಖಾನೆಯಲ್ಲಿ ಆಳುಗಳನ್ನು ಗದರಿಸುವ ಕನ್ನಡ ಮಾತ್ರ. ಲೋಟ ಹಿಡಿದು, ನಡುಗುವ ದನಿಯಲ್ಲಿ, "ಏಯ್, ಎಂತ ನೋಡ್ತೀರಿ? ಬೇಗ ಬೇಗ! ಹೊತ್ತಾಯ್ತು!" ಎಂದರು. ಓಟೊ ಹೊರಳಿ ನೋಡಿದ, ಕಿಸಕ್ಕನೆ ನಕ್ಕ, ಕುಡಿದ.

"ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ" ಎನ್ನುತ್ತಿದ್ದರು ಕ್ಲಾರಮ್ಮ. ಮರುದಿನ ಕಾನೂನಿಗೆ ತಿದ್ದುಪಡಿಯಾಯಿತು: ಡೆಕ್ಕಿನ ಮೇಲೆ ಜರ್ಮನ್, ಕೋಣೆಯಲ್ಲಿ ಕನ್ನಡ.

ಹ್ಯಾಂಬರ್ಗಿನ ಬಂದರಿನಲ್ಲಿ ಕಾದು ನಿಂತಿದ್ದ ಅಪ್ಪನ ತಾಯಿ, ಮಕ್ಕಳ ಅಜ್ಜಿ, ಬಾಚಿ ತಬ್ಬಿಕೊಂಡರೆ ಓಟೊ, "ಬಿಡಿ ಅಜ್ಜೀ, ಉಸಿರು ಕಟ್ತದೆ!" ಎಂದು ಕೊಸರಾಡಿದ. ಇದೇನಂದಿತು ಮಗು ಎಂದು ಅಜ್ಜಿಗೆ ಗಾಬರಿ. "ನಿಮ್ಮನ್ನು ನೋಡಿ ಖುಷಿಯಾಯ್ತಂತೆ" ಎಂದು ಕ್ಲಾರಾ ಜರ್ಮನ್‌ಗೆ ಅನುವಾದಿಸಿದಳು. ಹೊಸ ದೇಶದಲ್ಲಿ ಅದು ಅವಳ ಮೊದಲ ಸುಳ್ಳು.

ಓಟೊ ತೀರಿಹೋದ ಮೇಲೆ ಅವರ ಕನ್ನಡಕ್ಕೆ ಜೊತೆಯಿಲ್ಲದಾಗಿತ್ತು, ನಾನು ಸಿಕ್ಕುವ ತನಕ. ಈಗ ಅವರೂ ಇಲ್ಲ.

ಇದನ್ನೆಲ್ಲ ನೆನೆಯುತ್ತಿರುವಾಗಲೇ ಬರ್ಲಿನ್‌ನಿಂದ ಮಗಳ ಫೋನು. ತಿಂಗಳುಗಟ್ಟಲೆ ಬಾಡಿಗೆ ಮನೆ ಹುಡುಕಿ ಸೋತಿದ್ದವಳು. "ಅಮ್ಮಾ, ವೋನುಂಗ್ ಸಿಕ್ತು! ಫೈನಲಿ! ಅಲ್ಲೇ ಸ್ಟೆಪ್ಸ್ ಮೇಲೆ ಕೂತು ಅತ್ತುಬಿಟ್ಟೆ..." ಎಂದು ಶುರುಮಾಡಿ ನಡುವೆಯೇ ಜರ್ಮನ್‌ಗೆ ಜಾರಿದಳು. ಬೇರೆ ದಿನವಾಗಿದ್ದರೆ "ಕನ್ನಡದಲ್ಲಿ ಹೇಳೇ" ಎಂದು ತಡೆಯುತ್ತಿದ್ದೆ, ಅವಳು "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು. ಇಂದು ಸುಮ್ಮನೆ ಹೂಂಗುಟ್ಟಿದೆ.

ಮುಕ್ಕಾಲು ಗಂಟೆ ಮಾತಾಡಿದಳು. ಅಷ್ಟು ಹೊತ್ತು ನನ್ನ ಜೊತೆ ಮಾತಾಡಿ ಅವಳು ವರ್ಷಗಳೇ ಆಗಿದ್ದವು.