ಇಬ್ಬರನ್ನು ಒಟ್ಟಿಗೆ ಹೊರದ ಮಷೀನು

ದುಬೈಯಲ್ಲಿ ಕೆಲಸಕ್ಕಿದ್ದ ಅಣ್ಣ ರಜೆಗೆ ಶಿರಾಲಿಗೆ ಬರುವ ಮೊದಲೇ ಫೋನಿನಲ್ಲಿ ಆಸೆ ಹುಟ್ಟಿಸಿದ್ದ. ಅಲ್ಲಿನ ಅಂಗಡಿಯೊಂದರ ದೊಡ್ಡ ಮಷೀನಿನಲ್ಲಿ ಒಂದು ಗೇಮು ಆಡಿದ್ದನಂತೆ. ಇಬ್ಬರು ಸಿಪಾಯಿಗಳು ಜತೆಯಾಗಿ ತೂಗುಸೇತುವೆ ದಾಟುತ್ತಾರೆ, ಹಿಂದೆ ಜಲಪಾತ ಸುರಿಯುತ್ತದೆ. "ನಾನೂ ನೀನೂ ಒಟ್ಟಿಗೇ ದಾಟ್ವ" ಎಂದಿದ್ದ. ಜಲಪಾತದ ಹುಚ್ಚು ನನಗಿರಲಿಲ್ಲ. ನೀರು ಬೀಳುವುದನ್ನು ನೋಡಲು ಗೇರುಸೊಪ್ಪದ ಘಟ್ಟ ಹತ್ತಿದರೆ ಸಾಕು. ನನಗೆ ಅಣ್ಣನ ಜತೆ ಆಡಬೇಕಿತ್ತು, ಅಷ್ಟೇ.

ಅವನು ತಂದದ್ದು ಟಿವಿಗೆ ಜೋಡಿಸುವ ಸಣ್ಣ ಡಬ್ಬ. ಗೇಮಿನ ಕ್ಯಾಸೆಟ್ಟನ್ನು ಭಟ್ಕಳದ ಪೇಟೆಯಲ್ಲಿ ಕೊಂಡೆವು. ಮೇಲಿನ ಚಿತ್ರದಲ್ಲಿ ಸೇತುವೆ, ಜಲಪಾತ, ಇಬ್ಬರು ಸಿಪಾಯಿಗಳು ಎಲ್ಲ ಇದ್ದರು. ಟಿವಿಯಲ್ಲಿ ಜಲಪಾತದ ಜಾಗದಲ್ಲಿ ಬರೀ ಕಪ್ಪು. ಮೂರನೇ ವೈರಿ ಬಂದೊಡನೆ ಎಲ್ಲರೂ ಮಿಣಮಿಣ ಎನ್ನುತ್ತ ಆಮೆಯಂತೆ ತೆವಳುತ್ತಿದ್ದರು. ಸಿಪಾಯಿಯೂ ಒಬ್ಬನೇ! ಅಣ್ಣನವನು ಸತ್ತ ಮೇಲೆ ನನ್ನವನು, ನನ್ನವನು ಸತ್ತ ಮೇಲೆ ಅಣ್ಣನವನು.

ಮರುದಿನವೇ ಅಂಗಡಿಗೆ ಹೋಗಿ ಅಣ್ಣ ಜಗಳಕ್ಕೆ ನಿಂತ.

"ಗೇಮು ಅದೇ, ಭಾಯ್" ಎಂದ ಅಂಗಡಿಯವ. "ಈ ಡಬ್ಬಕ್ಕೆ ತಾಕತ್ತು ಬೇಕಲ್ಲ? ಗೇಮು ಮಾಡುವವರು ಇದಕ್ಕೆ ಆಗುವಷ್ಟು ಇಟ್ಟು ಬಾಕಿ ತೆಗೀತಾರೆ. ಇಬ್ಬರನ್ನ ಒಟ್ಟಿಗೆ ಹೊರೂದಿಲ್ಲ ಇದು."

ನನಗೆ ಮೈಯೆಲ್ಲ ಉರಿದುಹೋಯಿತು. ತೆಗೆಯುವುದಿದ್ದರೆ ವೈರಿಗಳನ್ನು ತೆಗೆಯಬೇಕಿತ್ತು, ನನ್ನನ್ನೇ ಯಾಕೆ?

ರಜೆ ಮುಗಿಯುವವರೆಗೂ ಪಾಳಿಯಲ್ಲೇ ಆಡಿದೆವು. ಅವನು ಆಡುವಾಗ ನಾನು ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು, ಅವನ ಸಿಪಾಯಿ ಬೇಗ ಸಾಯಲಿ ಎಂದು ಕಾಯುತ್ತಿದ್ದೆ. ಅಣ್ಣ ದುಬೈಗೆ ಹೋದ ಮೇಲೆ ಅವನ ಪಾಳಿಯನ್ನೂ ನಾನೇ ಆಡಿದೆ. ಬೇಜಾರಿನ ಆಟ ಅದು.

ಮುಂದಿನ ರಜೆಗೆ ಅವನು ಡಿಸ್ಕ್ ಹಾಕುವ ದೊಡ್ಡ ಮಷೀನು ತಂದ. ಅದರಲ್ಲಿ ಅದೇ ಗೇಮು, ಪೂರ್ತಿ. ಜಲಪಾತ ಸುರಿಯುತ್ತಿತ್ತು, ಸೇತುವೆಯ ತುದಿಯಲ್ಲಿ ಇಬ್ಬರೂ ನಿಂತಿದ್ದರು. ಅಣ್ಣನವನು ಓಡಿದ. ನನ್ನವನು ನಿಂತಲ್ಲೇ ಗುಂಡು ತಿಂದು ಬಿದ್ದ.

"ಎಂತ ಆತು ನಿಂಗೆ? ಆಡು ಮಾರಾಯ್ತಿ!"

ನೋಡಿದರೆ ಕಂಟ್ರೋಲರ್ ನನ್ನ ಮಡಿಲಲ್ಲಿತ್ತು. "ನೀನು ಸಾಯ್ಲಿ ಅಂತ ಕಾಯ್ತಾ ಇದ್ದೆ" ಎಂದೆ.

"ಬಿಡ್ತು ಅನ್ನೇ!" ಒಳಗಿನಿಂದ ಅಮ್ಮ ಕೂಗಿದಳು. "ಮತ್ತೆ ದುಬೈಗೆ ಹೊರಡೂ ಹುಡುಗಂಗೆ ಎಂತ ಮಾತದು!"

"ಬಿಡ್ತು" ಎಂದೆ. ಅಣ್ಣ ನಗಲಿಲ್ಲ. ನನ್ನವನು ಮತ್ತೆ ಎದ್ದು ಬರುವವರೆಗೆ ತನ್ನವನನ್ನು ಸೇತುವೆಯ ಮೇಲೆ ನಿಲ್ಲಿಸಿಕೊಂಡೇ ಇದ್ದ, ಗುಂಡು ಬೀಳುತ್ತಿದ್ದರೂ.