ಹನ್ನೆರಡನೆಯ ಪೊಟ್ಟಣ

ಮರಿಬಸಪ್ಪ ಸ್ವಾರ್ಥಿ. ಆದೋನಿಯ ಹತ್ತಿಪೇಟೆಯಲ್ಲಿ ಈ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಅವನ ಹೆಂಡತಿ ಗುರುಬಸಮ್ಮನಂತೂ ಅಲ್ಲವೇ ಅಲ್ಲ. ಮಳೆ ಹನಿಯಿತೆಂದರೆ ತನ್ನ ಹತ್ತಿ ತುಂಬಿದ ಅಂಡಿಗೆಗಳಿಗೆ ತಾಡಪತ್ರಿ ಹೊದಿಸಿ, ಪಕ್ಕದ ಅಂಗಡಿಯವನ ಹತ್ತಿ ತೊಯ್ಯುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿದ ಮನುಷ್ಯ ಅವನು. ಮಠಕ್ಕೆ ಕೊಟ್ಟ ಗೋಡೆ ಗಡಿಯಾರದಲ್ಲಿ ಅಂಕಿಗಳಿಗಿಂತ ಅವನ ಹೆಸರೇ ದಪ್ಪಗಿತ್ತು.

ಕೆಲಸ ಬಲ್ಲವನೆಂಬುದು ಬೇರೆ ಮಾತು. ಹತ್ತನೆಯ ವಯಸ್ಸಿಗೇ, ಹತ್ತಿ ದಲ್ಲಾಳಿಯಾಗಿದ್ದ ತಂದೆಯ ಅಡತಿ ಅಂಗಡಿಯಲ್ಲಿ ಕುಳಿತವನು. ಒಂದು ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರೆ ಸಾಕು, ಅದು ಕೆಂಪು ಮಣ್ಣಿನದೋ ಕಪ್ಪು ಮಣ್ಣಿನದೋ ಹೇಳಿಬಿಡುತ್ತಿದ್ದ. ಆ ವಿದ್ಯೆಯನ್ನು ಅವನು ಬಳಸಿದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ: ಉದ್ದ ಎಳೆಯ ಲಕ್ಷ್ಮಿ ಹತ್ತಿಗೆ ಗಿಡ್ಡ ಎಳೆಯ ಮುಂಗಾರಿಯನ್ನು ಬೆರೆಸಿ, ಎಲ್ಲವನ್ನೂ ಲಕ್ಷ್ಮಿಯೆಂದು ಮಾರುವುದು. ಪೇಟೆಗೆ ಬೆರಕೆ ಹೊಸದಲ್ಲ. ಆದರೆ ಉಳಿದವರದು ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಿತ್ತು. ಮರಿಬಸಪ್ಪನದನ್ನು ಮುಂಬಯಿ ಮಿಲ್ಲಿನ ಏಜೆಂಟರೂ ಹಿಡಿದಿರಲಿಲ್ಲ.

೧೯೫೭ರಲ್ಲಿ ವಿಶ್ವವಿದ್ಯಾಲಯದವರು ವರ್ತಕರ ಸಂಘದ ಹಾಲಿನಲ್ಲಿ ಹತ್ತಿಯ ದರ್ಜೆ ಗುರುತಿಸುವುದನ್ನು ಕಲಿಸುವ ಆರು ವಾರಗಳ ತರಗತಿ ನಡೆಸಿದರು. ಕಲಿತವರಲ್ಲಿ ಯಾರಿಗೆ ಯಾವ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಮಾಡಲು ಮೂವರ ಸಮಿತಿ ಕೂತಿತು. ವಿಶ್ವವಿದ್ಯಾಲಯದ ಸಹಾಯಕ ರಿಜಿಸ್ಟ್ರಾರ್ ಜಂಬಯ್ಯ, ಹೈಸ್ಕೂಲಿನ ಹೆಡ್‌ಮಾಸ್ಟರ್ ನರಸಪ್ಪ, ವರ್ತಕರ ಪರವಾಗಿ ಮರಿಬಸಪ್ಪ. ಒಂದು ಸುತ್ತು ಚಹಾ ಮುಗಿಯುವುದರೊಳಗೆ ಕರಡು ತಯಾರಾಯಿತು. ಎಸ್.ಎಸ್.ಎಲ್.ಸಿ. ಆದವರಿಗೆ ಡಿಪ್ಲೊಮಾ, ಎಂಟನೆಯ ತರಗತಿ ಓದಿದವರಿಗೆ ಸರ್ಟಿಫಿಕೇಟು, ಓದುಬರಹ ಬಾರದವರಿಗೆ ಹಾಜರಿ ಚೀಟಿ. ಮುಂದಿನ ಸುಗ್ಗಿಯಿಂದ ಮಾರುಕಟ್ಟೆಯಲ್ಲಿ ಹತ್ತಿಗೆ ದರ್ಜೆ ಹಾಕುವ ಮೇಜಿಗೆ ಡಿಪ್ಲೊಮಾ ಇಲ್ಲವೆ ಸರ್ಟಿಫಿಕೇಟು ಉಳ್ಳವರೇ ಕೂರಬೇಕೆಂದು ಆಗಲೇ ಗೊತ್ತಾಗಿತ್ತು. ಹಾಜರಿ ಚೀಟಿಯವರಿಗೆ ಅಲ್ಲಿ ಜಾಗವಿರಲಿಲ್ಲ.

ತರಗತಿಗೆ ಬಂದವರಲ್ಲಿ ಆ ಚೀಟಿಗೆ ಹೆಬ್ಬೆಟ್ಟು ಒತ್ತಲಾರೆನೆಂದವಳು ಒಬ್ಬಳೇ. ಪೆದ್ದಕಡುಬೂರಿನ ಸುಂಕಲಮ್ಮ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಇಪ್ಪತ್ತೈದು ವರ್ಷ ಹತ್ತಿ ಆರಿಸಿದವಳು. ಗುಮಾಸ್ತ ಬಾಗಿಲಲ್ಲಿ ತಡೆದರೂ ನಿಲ್ಲದೆ ಸಮಿತಿಯ ಮುಂದೆ ಬಂದು ನಿಂತಳು.

"ಇದಕ್ಯಾಕ ಒತ್ತಬೇಕ್ರಿ ನಾನು? ಆರು ವಾರ ಬಂದು ಕುಂತಿದ್ಲು ಅಂತ ಬರದೈತಂತ. ಕುಂತಿದ್ದಕ್ಕ ಕಾಗದ ಯಾಕ? ಆ ಗೋಡಿ ಮ್ಯಾಲಿನ ಹಲ್ಲಿನೂ ಆರು ವಾರ ಇಲ್ಲೇ ಇತ್ತು. ಅದಕ್ಕೂ ಒಂದು ಕೊಡ್ರಿ."

ನರಸಪ್ಪ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಮ್ಮಾ," ಎಂದರು ಜಂಬಯ್ಯ, "ವಿಶ್ವವಿದ್ಯಾಲಯದ ಮುದ್ರೆಗೆ ಒಂದು ಗೌರವ ಇದೆ. ಓದು ಇಲ್ಲದವರಿಗೆಲ್ಲ ಹಾಕಿಕೊಟ್ಟರೆ ನಾಳೆ ಅದನ್ನ ಯಾರು ನಂಬ್ತಾರೆ?"

"ಮುದ್ರಿ ಹತ್ತಿಗೇನ್ರಿ ಸಾರು, ಅಕ್ಷರಕ್ಕೇನ್ರಿ? ಅಕ್ಷರಕ್ಕಾದ್ರ ಸಾಲಿ ಐತಿ, ಮಾಸ್ತರ್ರು ಅದಾರ. ನೀವು ಹತ್ತಿ ಪ್ಯಾಟಿಗೆ ಯಾಕ ಬಂದ್ರಿ?"

ಜಂಬಯ್ಯನವರು ಕರಡನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಹದಿನೇಳು ವರ್ಷ ನಿಯಮ ಬರೆದವರು ಅವರು.

ಮರಿಬಸಪ್ಪನ ಲೆಕ್ಕ ಬೇರೆ ಇತ್ತು. ಪುಸ್ತಕ ನೋಡಿ ಹತ್ತಿ ಕಲಿತ ಹುಡುಗರ ಭಯ ಅವನಿಗೆ ಇರಲಿಲ್ಲ. ಇವಳು ಆ ಮೇಜಿಗೆ ಬಂದು ಕೂತರೆ ಮಾತ್ರ ತನ್ನ ಲಕ್ಷ್ಮಿ ಒಂದು ದಿನವೂ ಬಾಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು ಧ್ವನಿಗೆ ಬೆಲ್ಲ ಹಚ್ಚಿ ಹೇಳಿದ:

"ಪಾಪ, ಬಡವಿ ಕೇಳ್ತಾಳ. ಕೈ ಪರೀಕ್ಷಿ ಇಡೋಣ್ರಿ. ಓದಿದವ್ರು ಹನ್ನೆರಡು ಹತ್ತಿ ನಮೂನಿದಾಗ ಎಂಟರ ಹೆಸರು ಹೇಳಿದ್ರ ಸಾಕು. ಓದು ಬಾರದವ್ರು ಹನ್ನೆರಡಕ್ಕ ಹನ್ನೆರಡು ಹೇಳಬೇಕು. ಒಂದು ತಪ್ಪಿದ್ರೂ ಹಾಜರಿ ಚೀಟಿ. ನಮೂನಿ ನಾನೇ ತರ್ತೀನಿ."

"ಇದು ನ್ಯಾಯ ಅಲ್ಲ," ಎಂದರು ನರಸಪ್ಪ.

"ಇರ್ಲಿ ಬಿಡ್ರಿ ಮಾಸ್ತರ್ರ," ಎಂದಳು ಸುಂಕಲಮ್ಮ. "ಸಾವ್ಕಾರ್ರಿಗೆ ನನ್ನ ಕೈ ಮ್ಯಾಲ ಭಾಳ ನಂಬಿಕಿ. ಅದಕ್ಕ ನಾಕು ಹೆಚ್ಚಿಗಿ ಹೇರ್ಯಾರ. ಬರಕೊಳ್ರಿ."

ಜಂಬಯ್ಯ ಬರೆದುಕೊಂಡರು. ಇವಳು ಗೆದ್ದರೆ, ಕೈ ಪರೀಕ್ಷೆಯಲ್ಲಿ ತೇರ್ಗಡೆಯಾದ ಅನಕ್ಷರಸ್ಥರಿಗೂ ಅದೇ ಸರ್ಟಿಫಿಕೇಟೆಂದು ನಿಯಮಕ್ಕೆ ಸೇರುವುದು. ಸೋತರೆ ಕರಡು ಇದ್ದ ಹಾಗೆಯೇ ವಿಶ್ವವಿದ್ಯಾಲಯಕ್ಕೆ ಹೋಗುವುದು. ಸುಂಕಲಮ್ಮನಿಗೂ ಅವಳ ನಂತರ ಬರುವ ಇಂಥವರಿಗೂ ಮೇಜಿನ ಹಾದಿ ಮುಚ್ಚುವುದು.

ಮರುದಿನ ಬೆಳಿಗ್ಗೆ ಮರಿಬಸಪ್ಪ ಪಡಸಾಲೆಯಲ್ಲಿ ಕುಳಿತು ನಮೂನೆಗಳ ಪೊಟ್ಟಣ ಕಟ್ಟಿದ. ಹನ್ನೊಂದು ಪೊಟ್ಟಣವಾದ ಮೇಲೆ ಎದ್ದು ಗೋದಾಮಿಗೆ ಹೋಗಿ, ಮೂಲೆಯ ಅಂಡಿಗೆಯೊಂದಕ್ಕೆ ಕೈಹಾಕಿ ಒಂದು ಹಿಡಿ ಅರಳೆ ತಂದ. ಸರಿಯುತ್ತರಗಳ ಪಟ್ಟಿಯಲ್ಲಿ ಹನ್ನೆರಡರ ಮುಂದೆ 'ಲಕ್ಷ್ಮಿ' ಎಂದು ಬರೆದ.

ಗುರುಬಸಮ್ಮ ರೊಟ್ಟಿಯ ತಾಟು ಹಿಡಿದು ಹಿಂದೆಯೇ ನಿಂತಿದ್ದಳು. "ಅದು ಬೆರಕಿ ಅಂಡಿಗಿದಲ್ಲೇನ್ರಿ?"

"ಹೌದು."

"ಮತ್ತ ಆಕಿಗೆ ತಿಳೀದ ಲಕ್ಷ್ಮಿ ಅಂದ್ಲಂದ್ರ ಗೆದ್ದಂಗಾತಲ್ಲ?"

"ಅನ್ನಂಗಿಲ್ಲ. ಆಕಿಗೆ ತಿಳೀತೈತಿ. ತಿಳಿದದ್ದನ್ನ ಹೇಳ್ತಾಳ. ಹೇಳಿ ಬೀಳ್ತಾಳ."

"ಒಂದು ಕೂಲಿ ಹೆಣಮಗಳಿಗೆ ಇಷ್ಟು ಅಂಜೀರಿ! ದೊಡ್ಡ ಸಾವ್ಕಾರ್ರು ನೀವು."

"ತಾಟು ಇಟ್ಟು ಒಳಗ ನಡಿ."

ಸಂಘದ ಹಾಲಿನಲ್ಲಿ ಅರ್ಧ ಪೇಟೆ ನೆರೆದಿತ್ತು. ಅಡತಿಯವರು ಒಳಗೆ, ಹಮಾಲರು ಕಿಟಕಿಗಳಲ್ಲಿ. ಸುಂಕಲಮ್ಮ ನೆಲದ ಮೇಲೆ ಕುಳಿತು ಕೈಯನ್ನು ಸೆರಗಿಗೆ ಒರೆಸಿಕೊಂಡು ಪೊಟ್ಟಣ ಬಿಚ್ಚತೊಡಗಿದಳು. ಒಂದು ಚಿಟಿಕೆ ಹಿಡಿಯುವುದು, ಎಳೆಯುವುದು, ಎಳೆಗಳನ್ನು ಕಪ್ಪು ಸೀರೆಯ ಮೊಣಕಾಲಿನ ಮೇಲೆ ಹಾಸಿ ನೋಡುವುದು, ಹೆಸರು ಹೇಳುವುದು. ಒಂಬತ್ತನೆಯದನ್ನು ಮೂಸಿ ನೋಡಿ, "ಲಕ್ಷ್ಮೀನೇ, ಆದ್ರ ತೊಯ್ಸಿ ಒಣಗ್ಸ್ಯಾರ. ಯಾವ ಸಾವ್ಕಾರಂದೋ!" ಎಂದಾಗ ಕಿಟಕಿಗಳಲ್ಲಿ ನಗೆ ಎದ್ದಿತು.

ಹನ್ನೆರಡನೆಯದನ್ನು ಎಳೆದು ಮೊಣಕಾಲಿನ ಮೇಲೆ ಹಾಸಿದಳು. ಇನ್ನೊಂದು ಚಿಟಿಕೆ ತೆಗೆದು ಎಳೆದಳು. ಆಮೇಲೆ ತಲೆಯೆತ್ತಿ ಮರಿಬಸಪ್ಪನನ್ನು ನೇರವಾಗಿ ನೋಡಿದಳು.

"ಪಟ್ಟಿದಾಗ ಇದನ್ನ ಲಕ್ಷ್ಮಿ ಅಂತ ಬರದೀರಿ, ಅಲ್ರಿ ಸಾವ್ಕಾರ್ರ? ನಾನೂ ಹಂಗ ಅಂದ್ರ ಗೆದ್ದೆ. ಅನ್ನಂಗಿಲ್ಲ. ಇದ್ರಾಗ ನಾಕಕ್ಕ ಒಂದು ಪಾಲು ಮುಂಗಾರಿ ಐತಿ. ಬೆರಸಿದಾವನ ಕೈ ಚಲೋ ಐತಿ, ಹತ್ತಿ ಚಲೋ ಇಲ್ಲ."

ಜಂಬಯ್ಯ ಮರಿಬಸಪ್ಪ ಕೊಟ್ಟಿದ್ದ ಲಕೋಟೆ ಒಡೆದು ಪಟ್ಟಿ ಓದಿದರು. ಹನ್ನೊಂದೂ ಸರಿ. ಹನ್ನೆರಡು, ಲಕ್ಷ್ಮಿ.

"ಕೊನೆಯದು ತಪ್ಪಾಯಿತಮ್ಮಾ," ಎಂದರು. ಅವರಿಗೆ ಬೇಸರವಾಗಿತ್ತು.

"ತಪ್ಪು ಪಟ್ಟಿದು, ನಂದಲ್ಲ. ಬೇಕಾದ್ರ ಹಾಜರಿ ಚೀಟಿ ಹರದು ಹಾಕ್ರಿ, ಅದೂ ಬ್ಯಾಡ ನನಗ. ಮುಂಗಾರಿಯನ್ನ ಲಕ್ಷ್ಮಿ ಅಂತ ಹೇಳಿ ತಗೊಂಡ ಕಾಗದ ಒಲಿಗೆ ಹಾಕಾಕೂ ಬರಂಗಿಲ್ಲ."

ಮರಿಬಸಪ್ಪ ಅಂದುಕೊಂಡಂತೆಯೇ ಎಲ್ಲ ನಡೆದಿತ್ತು. ಮುಂದೆ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಜಂಬಯ್ಯ ಫಲಿತಾಂಶ ಬರೆಯಲು ಪೆನ್ನನ್ನು ಮಸಿಯಲ್ಲಿ ಅದ್ದಿದರು.

ಮರಿಬಸಪ್ಪ ಬಗ್ಗಿ, ಅವಳು ಬಿಟ್ಟಿದ್ದ ಅರಳೆಯಿಂದ ಒಂದು ಚಿಟಿಕೆ ತೆಗೆದುಕೊಂಡ. ಎರಡು ಹೆಬ್ಬೆರಳುಗಳ ನಡುವೆ ಎಳೆದು ಬೆಳಕಿಗೆ ಹಿಡಿದ. ಇಪ್ಪತ್ತು ವರ್ಷದಲ್ಲಿ ತಾನು ಬೆರೆಸಿದ ಪಾಲು ಎಷ್ಟೆಂಬುದನ್ನು ಇನ್ನೊಬ್ಬರ ಬಾಯಿಂದ ಅವನು ಕೇಳಿದ್ದು ಅದೇ ಮೊದಲು.

"ಒಂದು ನಿಮಿಷ ನಿಲ್ರಿ," ಎಂದ.

ಜಂಬಯ್ಯನವರ ಮುಂದಿದ್ದ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು, 'ಲಕ್ಷ್ಮಿ'ಯನ್ನು ಹೊಡೆದುಹಾಕಿ 'ಬೆರಕೆ, ನಾಲ್ಕಕ್ಕೆ ಒಂದು ಮುಂಗಾರಿ' ಎಂದು ಬರೆದ. ಅಡತಿಯವರು ಕತ್ತು ಚಾಚಿ ನೋಡುತ್ತಿದ್ದರು. ಅವನು ಮತ್ತೊಮ್ಮೆ ಮಸಿ ಅದ್ದಿ ಅದರ ಕೆಳಗೆ ಇನ್ನೆರಡು ಪದ ಸೇರಿಸಿದ: ನನ್ನ ಗೋದಾಮು.